ತಾರಸಿಯ ಸೋಲಾರ್ ಇನ್ನೊಂದು ಅಂತಸ್ತಲ್ಲ: ನಗರಾಭಿವೃದ್ಧಿ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಸಚಿವರಿಗೆ ನಮಸ್ಕಾರ.

ಪಿಎಂ ಸೂರ್ಯಘರ್ ಯೋಜನೆಯಲ್ಲಿ 3 ಕಿಲೋವ್ಯಾಟ್ ಹಾಕಿಸಿದರೆ 78,000 ರೂಪಾಯಿ ಸಬ್ಸಿಡಿ ಇದೆ. ಇಲ್ಲದಿರುವುದು ಜಾಗ. 540 ವ್ಯಾಟ್‌ನ ಪ್ಯಾನೆಲ್ ಒಂದಕ್ಕೆ ಏಳೂವರೆ ಅಡಿ ಉದ್ದ, ಮೂರೂಮುಕ್ಕಾಲು ಅಡಿ ಅಗಲ. ಅಂಥವು ಆರು ಬೇಕು. ಬೆಂಗಳೂರಿನ 30×40 ಸೈಟಿನ ತಾರಸಿಯಲ್ಲಿ ನೀರಿನ ಟ್ಯಾಂಕ್, ಮೆಟ್ಟಿಲ ಕೋಣೆ, ಸೋಲಾರ್ ವಾಟರ್ ಹೀಟರ್, ಬಟ್ಟೆ ಒಣಹಾಕುವ ತಂತಿ ಎಲ್ಲ ಮೊದಲೇ ಕೂತಿರುತ್ತವೆ. ಹಾಗಾಗಿ ಜನ ಪ್ಯಾನೆಲ್‌ಗಳನ್ನು ಆಳೆತ್ತರಕ್ಕೆ ಏರಿಸಿ, ಕೆಳಗೆ ಓಡಾಡಲು ಜಾಗ ಬಿಟ್ಟುಕೊಳ್ಳುತ್ತಾರೆ. ತಕರಾರು ಶುರುವಾಗುವುದೂ ಅಲ್ಲೇ: ಇದು ಯಂತ್ರವೋ, ಶೆಡ್ಡೋ, ಇನ್ನೊಂದು ಅಂತಸ್ತೋ?

ಲೆಕ್ಕ ನೋಡಿ. ಬೆಂಗಳೂರಿನ ಅಕ್ಷಾಂಶಕ್ಕೆ ತಕ್ಕಂತೆ ದಕ್ಷಿಣಕ್ಕೆ 13 ಡಿಗ್ರಿ ಓರೆ ಕೊಟ್ಟು, ಉದ್ದುದ್ದಕ್ಕೆ ಎರಡು ಸಾಲು ಜೋಡಿಸಿದರೆ ಇಳಿಜಾರು 15 ಅಡಿ. ತಗ್ಗಿನ ಅಂಚು 7 ಅಡಿಯಲ್ಲಿದ್ದರೆ ಎತ್ತರದ ಅಂಚು ಹತ್ತೂಕಾಲು ಅಡಿ ದಾಟುತ್ತದೆ. ಆದ್ದರಿಂದ ತಾರಸಿಯಿಂದ 3.5 ಮೀಟರ್‌ವರೆಗಿನ ಸೋಲಾರ್ ಸ್ಟ್ರಕ್ಚರನ್ನು ಕಟ್ಟಡದ ಎತ್ತರಕ್ಕೂ ಎಫ್‌ಎಆರ್‌ಗೂ (ಸೈಟಿನ ವಿಸ್ತೀರ್ಣಕ್ಕೆ ಇಷ್ಟೇ ಕಟ್ಟಬಹುದೆಂಬ ಅನುಪಾತ) ಸೇರಿಸಬಾರದು ಎಂದು ಕಟ್ಟಡ ಬೈಲಾದಲ್ಲಿ ನೇರವಾಗಿ ಬರೆಸಿ. ದುರುಪಯೋಗದ ಭಯ ಸುಳ್ಳಲ್ಲ. ಇಂದು ಪ್ಯಾನೆಲ್, ನಾಳೆ ಸುತ್ತ ಶೀಟು, ನಾಡಿದ್ದು ಬಾಡಿಗೆ ರೂಮು. ಅದಕ್ಕೆ ನಾಲ್ಕೂ ಬದಿ ತೆರೆದಿರಬೇಕೆಂಬ ಷರತ್ತು ಸಾಕು. ಗಾಳಿಯಾಡಿದರೆ ಪ್ಯಾನೆಲ್‌ಗೂ ಒಳ್ಳೆಯದು: ಬಿಸಿ 20 ಡಿಗ್ರಿ ಏರಿದರೆ ಉತ್ಪಾದನೆ ಸುಮಾರು ಶೇ. 7 ಇಳಿಯುತ್ತದೆ.

ಎತ್ತರಕ್ಕಿಂತ ನಮಗೆ ಹೆಚ್ಚು ಚಿಂತೆ ಗಾಳಿಯದು. ಕಟ್ಟಡಗಳ ಮೇಲಿನ ಭಾರದ ಭಾರತೀಯ ಮಾನದಂಡ ಐಎಸ್ 875ರ ಪ್ರಕಾರ ಬೆಂಗಳೂರಿನ ಮೂಲ ಗಾಳಿವೇಗ ಸೆಕೆಂಡಿಗೆ 33 ಮೀಟರ್. ಆ ಗಾಳಿಗೆ ಚದರ ಮೀಟರಿಗೆ ಸುಮಾರು 650 ನ್ಯೂಟನ್ ಒತ್ತಡ. ಆಕಾರ, ಓರೆಗೆ ತಕ್ಕಂತೆ ಒತ್ತಡಕ್ಕೆ ಗುಣಿಸುವ ಗುಣಾಂಕವನ್ನು 1 ಎಂದಿಟ್ಟರೂ 28 ಕಿಲೋ ತೂಕದ ಪ್ಯಾನೆಲನ್ನು ಸುಮಾರು 170 ಕಿಲೋ ಬಲ ಮೇಲಕ್ಕೆಳೆಯುತ್ತದೆ. ಆರು ಪ್ಯಾನೆಲ್‌ಗೆ ಒಂದು ಟನ್! ಇದನ್ನು ತಡೆಯಲು ಕಾಲಿಗೆರಡು ಇಟ್ಟಿಗೆ ಒತ್ತುಕೊಟ್ಟವರಿದ್ದಾರೆ. ಸ್ಲ್ಯಾಬಿಗೇ ಡ್ರಿಲ್ ಹೊಡೆದು ಬೋಲ್ಟ್ ಕೂರಿಸಿ, ಮೊದಲ ಮಳೆಗೇ ಕೆಳಗಿನ ಮನೆ ಸೋರಿಸಿದವರೂ ಇದ್ದಾರೆ. ಅನುಮತಿಗೆ ಸ್ಟ್ರಕ್ಚರಲ್ ಎಂಜಿನಿಯರ್ ಸಹಿಯಿರುವ ಒಂದು ಹಾಳೆ ಕೇಳಿ: ಪೆಡೆಸ್ಟಲ್‌ನ (ಕಾಲಿನಡಿಯ ಕಾಂಕ್ರೀಟ್ ಪೀಠ) ಅಳತೆ, ತೂಕ, ಬೋಲ್ಟಿನ ಆಳ, ಮೂರು ಪ್ರತ್ಯೇಕ ಅರ್ಥಿಂಗ್ (ಡಿಸಿ, ಎಸಿ, ಮಿಂಚುನಿರೋಧಕ).

ತಾರಸಿಯ ಅಂಚಿನಿಂದ ನಾಲ್ಕೂ ಕಡೆ ಒಂದು ಮೀಟರ್ ಬಿಡಿ ಎಂಬ ಸಲಹೆ ದೊಡ್ಡ ಕಟ್ಟಡಕ್ಕೆ ಸರಿ. 20×30 ಸೈಟಿನಲ್ಲಿ ಅದು ತಾರಸಿಯನ್ನೇ ನುಂಗುತ್ತದೆ. ಅಲ್ಲಿ ಅಗ್ನಿಶಾಮಕದವರು ಹತ್ತಿಹೋಗಲು ಒಂದು ಬದಿ ದಾರಿ ಇದ್ದರೆ ಸಾಕು.

ಇನ್ನು ನೆರಳು. ಡಿಸೆಂಬರ್ 21ರ ಬೆಳಗ್ಗೆ 9ಕ್ಕೆ 3 ಮೀಟರ್ ಗೋಡೆಯ ನೆರಳು ವಾಯವ್ಯಕ್ಕೆ 5.3 ಮೀಟರ್ ಚಾಚುತ್ತದೆ. ಪ್ಯಾನೆಲ್‌ಗಳ ವೈರಿಂಗ್ ಒಂದರ ಹಿಂದೊಂದು ಸರಣಿಯಲ್ಲಿರುವುದರಿಂದ ಒಂದರ ಮೇಲೆ ಬಿದ್ದ ನೆರಳಿನ ಪೆಟ್ಟು ಇಡೀ ಸಾಲಿಗೆ ತಗಲಬಹುದು. ಪಕ್ಕದವರು ಮನೆ ಎತ್ತರಿಸುವುದನ್ನು ತಡೆಯಿರಿ ಎಂದು ನಾವು ಕೇಳುವುದಿಲ್ಲ, ಕೇಳಲೂಬಾರದು. ಆದರೆ ಹೊಸ ನಕ್ಷೆಗಳಲ್ಲಿ ಮೆಟ್ಟಿಲ ಕೋಣೆ, ಟ್ಯಾಂಕ್ ಉತ್ತರಕ್ಕೆ ಬರುವಂತೆ ಮಾಡಬಹುದಲ್ಲ? ವಾಸ್ತುವಿನ ಮಾತು ಬರುತ್ತದೆ, ಗೊತ್ತು: ಟ್ಯಾಂಕ್ ನೈಋತ್ಯಕ್ಕೇ ಬೇಕು. ಚಳಿಗಾಲದ ಮಧ್ಯಾಹ್ನ ಅದರ ನೆರಳು ನೇರ ಪ್ಯಾನೆಲ್ ಮೇಲೆ. ವಾಯವ್ಯವನ್ನೂ ಒಪ್ಪುವ ಪಂಡಿತರಿದ್ದಾರೆ; ನಕ್ಷೆ ಬರೆಯುವವರಿಗೆ ಅಷ್ಟು ಹೇಳಿಸಿದರೂ ಆದೀತು.

ಇಂತಿ,
ತಾರಸಿ ಸೋಲಾರ್ ಅಳವಡಿಸುವ ಎಂಜಿನಿಯರುಗಳು