ಕ್ರೀಡಾ ಹಾಸ್ಟೆಲ್‌ಗಳಿಗೆ ಮೊದಲು ಸೈಕಲ್ ರೋಲರ್ ಕೊಡಿ

ಸಂಪಾದಕರಿಗೆ,

ಮಾನ್ಯರೆ,

ಕಬ್ಬು ನುರಿಸುವ ಹಂಗಾಮು ಶುರುವಾಯಿತೆಂದರೆ ವಿಜಯಪುರ, ಬಾಗಲಕೋಟೆ ಕಡೆಯ ರಸ್ತೆಗಳಲ್ಲಿ ನಸುಕಿನ ಸೈಕಲ್ ಅಭ್ಯಾಸ ಅಪಾಯದ ಕೆಲಸ. ಹಿಂದೀಪವಿಲ್ಲದೆ ಜೋಡಿ ಟ್ರೇಲರ್ ಎಳೆದುಕೊಂಡು ಹೋಗುವ ಟ್ರ್ಯಾಕ್ಟರ್ ಹತ್ತಿರ ಬರುವವರೆಗೂ ಕಾಣುವುದಿಲ್ಲ. ಹಂಗಾಮು ಮುಗಿಯುವಷ್ಟರಲ್ಲಿ ಬೇಸಿಗೆ ಬಂದು, ಬೆಳಿಗ್ಗೆ ಎಂಟರ ಮೇಲೆ ರಸ್ತೆಯಲ್ಲಿ ನಿಲ್ಲಲಾಗದ ಬಿಸಿಲು. ಹಾಗಾಗಿ ಒಳಾಂಗಣ ಅಭ್ಯಾಸ ಬೇಕು ಎನ್ನುವುದರಲ್ಲಿ ಯಾರಿಗೂ ಭಿನ್ನಾಭಿಪ್ರಾಯವಿಲ್ಲ. ಆದರೆ ಈ ಮಾತು ಬಂದಾಗಲೆಲ್ಲ ಹಿಂದಿನ ಚಕ್ರ ಬಿಚ್ಚಿ ಸಿಕ್ಕಿಸುವ ದುಬಾರಿ ಸ್ಮಾರ್ಟ್ ಟ್ರೇನರ್‌ಗಳ ಬೇಡಿಕೆಯೇ ಮುಂದೆ ಬರುತ್ತದೆ. ಹದಿಮೂರು, ಹದಿನಾಲ್ಕು ವಯಸ್ಸಿನ ಮಕ್ಕಳಿಗೆ ಮೊದಲು ಕೊಡಬೇಕಾದ್ದು ಅದಲ್ಲ, ಸೈಕಲ್ಲನ್ನು ಮೇಲಿಟ್ಟು ಇದ್ದಲ್ಲೇ ತುಳಿಯುವ, ಮೂರು ಉರುಳೆಗಳ ಸಾದಾ ರೋಲರ್ ಎಂಬುದು ನಮ್ಮ ವಾದ.

ಟ್ರೇನರ್ ಸೈಕಲ್ಲನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ಸವಾರ ಒಂದೇ ಕಡೆ ವಾಲಿ ತುಳಿದರೂ, ಒಂದು ಕಾಲಲ್ಲೇ ಜೋರು ಹಾಕಿದರೂ ಅದು ಬೀಳಿಸುವುದಿಲ್ಲ. ತಪ್ಪು ತಪ್ಪಾಗಿಯೇ ರೂಢಿಯಾಗುತ್ತದೆ. ರೋಲರ್ ಸೈಕಲ್ಲನ್ನು ಎಲ್ಲಿಯೂ ಹಿಡಿಯುವುದಿಲ್ಲ. ಹಿಂದಿನ ಚಕ್ರ ಎರಡು ಉರುಳೆಗಳ ನಡುವೆ ಕೂರುತ್ತದೆ, ಮುಂದಿನದು ಒಂದರ ಮೇಲೆ. ನಡುವಿನ ಉರುಳೆಯಿಂದ ಮುಂದಿನ ಉರುಳೆಗೆ ಒಂದು ಬೆಲ್ಟ್. ಈ ಬೆಲ್ಟೇ ಇಡೀ ಯಂತ್ರದ ಜೀವ. ಹ್ಯಾಂಡಲ್ ಎಡಕ್ಕೆ ಸ್ವಲ್ಪ ತಿರುಗಿದಾಗ ತಿರುಗುತ್ತಿರುವ ಮುಂಚಕ್ರ ಎಡಕ್ಕೆ ಸರಿದು, ವಾಲುತ್ತಿರುವ ದೇಹದ ಅಡಿಗೆ ಬಂದು ನಿಲ್ಲುತ್ತದೆ. ರಸ್ತೆಯ ಮೇಲೆ ಸಮತೋಲ ಸಿಗುವುದೂ ಹೀಗೆಯೇ. ಓಡುತ್ತಿರುವಾಗ ಬೆಲ್ಟ್ ಕಳಚಿದರೆ ಮುಂಚಕ್ರ ನಿಧಾನವಾಗಿ ನಿಲ್ಲುತ್ತದೆ. ಆಮೇಲೆ ಹ್ಯಾಂಡಲ್ ಎಷ್ಟು ತಿರುಗಿಸಿದರೂ ಚಕ್ರ ಪಕ್ಕಕ್ಕೆ ಸರಿಯುವುದಿಲ್ಲ, ಸವಾರ ಬಿದ್ದೇ ಬೀಳುತ್ತಾನೆ. ಚಕ್ರ ತಿರುಗುವ ರಭಸವೊಂದೇ ಸೈಕಲ್ಲನ್ನು ನಿಲ್ಲಿಸುತ್ತದೆ ಎಂದುಕೊಂಡವರು ಇದನ್ನು ಗಮನಿಸಬೇಕು.

ಹಾಸ್ಟೆಲ್‌ಗಳಿಗೆ ಹಣ ಸಾಲದಿದ್ದರೆ ರೋಲರನ್ನು ಊರಿನ ಲೇಥ್ ಅಂಗಡಿಯಲ್ಲಿ ಮಾಡಿಸಬಹುದು. ಆದರೆ ಅಳತೆ ಸರಿಯಿರಬೇಕು. ಚರಂಡಿ ಕೆಲಸಕ್ಕೆ ಬಳಸುವ 110 ಮಿ.ಮೀ. ಹೊರವ್ಯಾಸದ ದಪ್ಪ ಪಿವಿಸಿ ಪೈಪ್ ಉರುಳೆಗೆ ಸಾಕು. ಉದ್ದ 40 ಸೆಂ.ಮೀ.ಗಿಂತ ಕಡಿಮೆ ಬೇಡ. ಎರಡೂ ತುದಿಗೆ ನೈಲಾನ್ ಬಿರಡೆ, ಅದರೊಳಗೆ 6202 ನಂಬರಿನ ಬೇರಿಂಗ್, 15 ಮಿ.ಮೀ. ಸರಳು. ಇಲ್ಲೊಂದು ಎಚ್ಚರಿಕೆ: ಅಂಗಡಿಯಿಂದ ತಂದ ಪೈಪ್ ಪೂರ್ತಿ ದುಂಡಗಿರುವುದಿಲ್ಲ. ಗಂಟೆಗೆ 28 ಕಿ.ಮೀ. ವೇಗದಲ್ಲಿ ಈ ಅಳತೆಯ ಉರುಳೆ ನಿಮಿಷಕ್ಕೆ ಸುಮಾರು 1,350 ಸುತ್ತು ತಿರುಗುತ್ತದೆ. ಅರ್ಧ ಮಿಲಿಮೀಟರ್ ಓರೆಯಿದ್ದರೂ ಸೀಟಿನ ಮೇಲೆ ಕುಳಿತವನಿಗೆ ಗುಂಡಿಬಿದ್ದ ರಸ್ತೆಯ ಅನುಭವ. ಆದ್ದರಿಂದ ಬಿರಡೆ, ಬೇರಿಂಗ್ ಕೂರಿಸಿದ ಮೇಲೆ ಇಡೀ ಉರುಳೆಯನ್ನು ಲೇಥ್‌ಗೆ ಕಟ್ಟಿ ಮೇಲ್ಮೈಯನ್ನು ತೆಳುವಾಗಿ ತುರಿಸಲೇಬೇಕು. ಕಡಿಮೆ ಖರ್ಚಿಗೆ ಮಾಡಿಸಿದವರು ಸಾಮಾನ್ಯವಾಗಿ ಬಿಡುವುದು ಈ ಹಂತವನ್ನೇ.

ಹಿಂದಿನ ಎರಡು ಉರುಳೆಗಳ ಸರಳಿನಿಂದ ಸರಳಿಗೆ 26 ಸೆಂ.ಮೀ. ಅಂತರ ಕೊಟ್ಟರೆ ರೇಸಿಂಗ್ ಸೈಕಲ್ಲಿನ ಹಿಂಚಕ್ರ ಅವುಗಳ ನಡುವೆ 2 ಸೆಂ.ಮೀ.ಗೂ ತುಸು ಹೆಚ್ಚು ತಗ್ಗುತ್ತದೆ. ಮುಂದಿನ ಉರುಳೆಯನ್ನೂ ಅಷ್ಟೇ ಕೆಳಗಿಡದಿದ್ದರೆ ಸೈಕಲ್ ಸದಾ ಏರಿನಲ್ಲಿ ನಿಂತಂತಿದ್ದು, ಸವಾರ ಹಿಂದಕ್ಕೆ ಜಾರುತ್ತಾನೆ. ಬೆಲ್ಟ್‌ಗೆ ಮೀಟರ್ ಲೆಕ್ಕದಲ್ಲಿ ಸಿಗುವ 6 ಮಿ.ಮೀ. ದಪ್ಪದ ದುಂಡು ಪಾಲಿಯುರೆಥೇನ್ ಬೆಲ್ಟ್ ಬಳಸಬಹುದು. ತುದಿಗಳನ್ನು ಕಾದ ಅಲಗಿಗೆ ಮುಟ್ಟಿಸಿ, ಕರಗುತ್ತಿದ್ದಂತೆ ಒತ್ತಿ ಹಿಡಿದರೆ ಬೆಸುಗೆ ಆಗುತ್ತದೆ. ಎರಡು ಚಕ್ರಗಳ ಆಕ್ಸಲ್‌ಗಳ ನಡುವೆ ಒಂದು ಮೀಟರ್ ಅಂತರವಿರುವ ಸೈಕಲ್‌ಗೆ ಬೆಲ್ಟಿನ ಅಳತೆ ಸುಮಾರು 208 ಸೆಂ.ಮೀ. ಬರುತ್ತದೆ, ಬಿಗಿ ಉಳಿಯಲು 2 ಮೀಟರಿಗೇ ಕತ್ತರಿಸಿ. ಉರುಳೆಯ ಒಂದು ತುದಿಯಲ್ಲಿ ಬೆಲ್ಟ್ ಕೂರಲು ತೋಡು ಕೊರೆಸಬೇಕು. ಬೆಲ್ಟನ್ನು ಎಂಟರ ಅಂಕಿಯಂತೆ ಅಡ್ಡಹಾಯಿಸಬಾರದು, ಹಾಯಿಸಿದರೆ ಮುಂಚಕ್ರ ಹಿಮ್ಮುಖವಾಗಿ ತಿರುಗುತ್ತದೆ.

ಕೊಂಡದ್ದಾಗಲಿ, ಮಾಡಿಸಿದ್ದಾಗಲಿ, ಪ್ರತಿ ಸವಾರನ ಸೈಕಲ್ಲಿಗೆ ತಕ್ಕಂತೆ ಮುಂದಿನ ಉರುಳೆಯ ಜಾಗ ಹೊಂದಿಸಬೇಕು. ದಾರಕ್ಕೊಂದು ನಟ್ಟು ಕಟ್ಟಿ ಮುಂಚಕ್ರದ ಆಕ್ಸಲ್‌ನಿಂದ ಇಳಿಬಿಡಿ. ಉರುಳೆಯ ಸರಳು ಆ ದಾರಕ್ಕಿಂತ ಒಂದೆರಡು ಸೆಂ.ಮೀ. ಹಿಂದೆಯೇ ಇರಬೇಕು. ತಯಾರಕರ ಕೈಪಿಡಿ ಇದ್ದರೆ ಅದರಲ್ಲಿ ಹೇಳಿದಂತೆ ಮಾಡಿ. ಉರುಳೆ ತೀರಾ ಮುಂದಾದರೆ ಹ್ಯಾಂಡಲ್ ಸಣ್ಣ ಚಲನೆಗೂ ಚಂಚಲವಾಗುತ್ತದೆ. ಚೌಕಟ್ಟಿನ ಎಡ ಮತ್ತು ಬಲ ಪಟ್ಟಿಗಳಲ್ಲಿ ಒಂದೇ ರಂಧ್ರಕ್ಕೆ ಬೋಲ್ಟ್ ಹಾಕಿದ್ದೀರಾ ನೋಡಿಕೊಳ್ಳಿ. ಒಂದು ರಂಧ್ರ ಹೆಚ್ಚುಕಮ್ಮಿಯಾದರೆ ಉರುಳೆ ಓರೆಯಾಗಿ ಸೈಕಲ್ ಒಂದೇ ಕಡೆ ಸರಿಯುತ್ತದೆ. ಹುಡುಗನಿಗೆ ಸಮತೋಲ ಬರುತ್ತಿಲ್ಲ ಎಂದು ಬೈಯುವ ಮೊದಲು ಇದನ್ನೊಮ್ಮೆ ನೋಡುವುದು ಒಳ್ಳೆಯದು. ನೆಲಕ್ಕೆ ರಸಮಟ್ಟ ಇಟ್ಟು ನೋಡಿದರೆ ನೆಲವೇ ಓರೆಯಿದೆಯೇ ಎಂಬ ಅನುಮಾನವೂ ಹೋಗುತ್ತದೆ. ಟೈರು ನುಣುಪಾಗಿರಬೇಕು. ಗುಬಟು ಹಲ್ಲಿನ ಟೈರು ಕಟ್ಟಡವನ್ನೇ ನಡುಗಿಸುತ್ತದೆ. ಗಾಳಿ ಕಡಿಮೆಯಿದ್ದರೆ ಟೈರು ಬಿಸಿಯಾಗುತ್ತದೆ, ತುಳಿತ ಭಾರವಾಗುತ್ತದೆ.

ಮೊದಲ ಪಾಠ ಬಾಗಿಲ ಚೌಕಟ್ಟಿನಲ್ಲಿ. ರೋಲರನ್ನು ಬಾಗಿಲ ಸಂದಿಯಲ್ಲಿಟ್ಟರೆ ಎರಡೂ ಮೊಣಕೈಗೆ ಆಸರೆ ಸಿಗುತ್ತದೆ. ಸೈಕಲ್ ನೆಲದಿಂದ ಸುಮಾರು ಅರ್ಧ ಗೇಣಿನಷ್ಟು ಮೇಲಿರುವುದರಿಂದ ಕಾಲಿಡಲು ಪಕ್ಕದಲ್ಲಿ ಗಟ್ಟಿ ಮಣೆ ಬೇಕು. ಬೂಟು ಸಿಕ್ಕಿಸುವ ಪೆಡಲ್ ಮೊದಲ ವಾರ ಬೇಡ. ಗೇರು ಹಗುರವಾಗಿರಲಿ ಎಂದು ಅನೇಕರು ಹೇಳಿಕೊಡುತ್ತಾರೆ, ಅದು ತಪ್ಪು. ಹಗುರ ಗೇರಿನಲ್ಲಿ ಕಾಲು ಎಷ್ಟು ಆಡಿದರೂ ಚಕ್ರ ನಿಧಾನ, ನಿಧಾನ ಚಕ್ರದಲ್ಲಿ ಓಲಾಟ ಹೆಚ್ಚು. ಮುಂದೆ 50 ಹಲ್ಲಿನ, ಹಿಂದೆ 19 ಹಲ್ಲಿನ ಗೇರುಚಕ್ರ ಹಾಕಿ ನಿಮಿಷಕ್ಕೆ 85 ಸುತ್ತು ತುಳಿದರೆ ವೇಗ ಗಂಟೆಗೆ 28 ಕಿ.ಮೀ. ಆಸುಪಾಸು ಬರುತ್ತದೆ. ಹೊಸಬರಿಗೆ ಅದು ನೆಮ್ಮದಿಯ ವೇಗ. ಸುತ್ತು ಎಣಿಸಲು ಯಂತ್ರ ಬೇಕಿಲ್ಲ, ಬಲಗಾಲು 15 ಸೆಕೆಂಡಿಗೆ ಎಷ್ಟು ಸಲ ಕೆಳಗಿಳಿಯಿತು ಎಂಬುದನ್ನು ನಾಲ್ಕರಿಂದ ಗುಣಿಸಿದರಾಯಿತು.

ದೃಷ್ಟಿ ಎರಡು ಮೂರು ಮೀಟರ್ ಮುಂದಿರಲಿ. ಮುಂಚಕ್ರವನ್ನು ನೋಡಿದವನು ಅದು ಸರಿದಾಗಲೆಲ್ಲ ತಿದ್ದಲು ಹೋಗಿ, ತಿದ್ದಿದ್ದನ್ನೇ ಮತ್ತೆ ತಿದ್ದಿ ಉರುಳೆಯ ಅಂಚಿಗೆ ಬರುತ್ತಾನೆ. ಮೊಣಕೈ ಸಡಿಲ, ಹಿಡಿತ ಹಗುರ. ಭಯವಾದಾಗ ತುಳಿಯುವುದನ್ನು ನಿಲ್ಲಿಸುವುದು ಎಲ್ಲರ ಮೊದಲ ಪ್ರತಿಕ್ರಿಯೆ, ಅದೇ ಬೀಳಿಸುವುದು ಕೂಡ. ರಸ್ತೆಯಲ್ಲಿ ತುಳಿತ ನಿಂತರೂ ದೇಹದ ವೇಗ ಸೈಕಲ್ಲನ್ನು ಒಯ್ಯುತ್ತದೆ. ಇಲ್ಲಿ ದೇಹ ಚಲಿಸುತ್ತಲೇ ಇಲ್ಲ, ಚಕ್ರಗಳು ಕೆಲವೇ ಸೆಕೆಂಡಿನಲ್ಲಿ ನಿಲ್ಲುತ್ತವೆ. ಅದೇ ಕಾರಣಕ್ಕೆ ರೋಲರಿನಿಂದ ಜಾರಿದ ಸೈಕಲ್ ಗೋಡೆ ಒಡೆದುಕೊಂಡು ಹೋಗುವುದೂ ಇಲ್ಲ. ಚಕ್ರ ನೆಲ ಮುಟ್ಟಿದೊಡನೆ ನಿಲ್ಲುತ್ತದೆ, ಸವಾರ ಪಕ್ಕಕ್ಕೆ ವಾಲುತ್ತಾನೆ ಅಷ್ಟೆ. ಮುಂದಿನ ಬ್ರೇಕ್ ಮಾತ್ರ ಮುಟ್ಟಬಾರದು.

ಬಾಗಿಲು ಬಿಟ್ಟು ಹೊರಗೆ ಬಂದ ಮೇಲೆ ನಿಜವಾದ ಕಲಿಕೆ ಶುರು. ತುಳಿತ ಸಮವಾಗಿದ್ದರೆ ಉರುಳೆಗಳ ಸದ್ದು ತಂಬೂರಿಯಂತೆ ಒಂದೇ ಶ್ರುತಿಯಲ್ಲಿರುತ್ತದೆ; ಕೆಳಕ್ಕೆ ಮಾತ್ರ ಗುದ್ದಿ ತುಳಿಯುವವನ ರೋಲರಿನ ಸದ್ದು ತುಳಿತದ ಪ್ರತಿ ಸುತ್ತಿಗೆ ಎರಡು ಸಲ ಏರಿ ಇಳಿಯುತ್ತದೆ. ತರಬೇತುದಾರ ಬೆನ್ನು ತಿರುಗಿಸಿ ನಿಂತಿದ್ದರೂ ತಪ್ಪು ಕೇಳಿಸುತ್ತದೆ. ನಾವು ಮಾಡಿಸುವ ಕಸರತ್ತು ಸರಳ: 80 ಸುತ್ತಿನಲ್ಲಿ ಐದು ನಿಮಿಷ, ಆಮೇಲೆ ಗೇರು ಬದಲಿಸದೆ ನಿಮಿಷಕ್ಕೊಮ್ಮೆ ಐದು ಸುತ್ತು ಏರಿಸುವುದು. ಸೀಟಿನ ಮೇಲೆ ಕುಂಡಿ ಕುಪ್ಪಳಿಸಲು ಶುರುವಾದ ಕಡೆ ನಿಲ್ಲಿಸಿ, ಹತ್ತು ಸುತ್ತು ಇಳಿಸಿ, ಅಲ್ಲೇ ಐದು ನಿಮಿಷ. ಕುಪ್ಪಳಿಕೆಗೆ ಒಂದು ಕಾರಣ ಕಾಲು ಕೆಳತುದಿಗೆ ಬಂದ ಮೇಲೂ ಒತ್ತುತ್ತಿರುವುದು, ಇನ್ನೊಂದು ಸೀಟು ಎತ್ತರ ಹೆಚ್ಚಿರುವುದು. ಎರಡನೆಯದನ್ನು ಮೊದಲು ಪರೀಕ್ಷಿಸಿ.

ಒಂದು ಕೈ ಬಿಡುವುದು, ಬಾಟಲಿ ತೆಗೆದು ನೀರು ಕುಡಿಯುವುದು, ಹೆಗಲ ಮೇಲಿಂದ ಹಿಂದೆ ನೋಡುವುದು ಆಮೇಲಿನ ಪಾಠಗಳು. ಗುಂಪಿನಲ್ಲಿ ಓಡುವಾಗ ಇಂಥ ಕ್ಷಣಗಳಲ್ಲಿ ಅಪಘಾತವಾಗುವುದುಂಟು. ಸೀಟಿನಿಂದ ಎದ್ದು ತುಳಿಯುವುದು ಎಲ್ಲಕ್ಕಿಂತ ಕಷ್ಟ. ಏಳುವಾಗ ದೇಹ ಮುಂದೆ ಹೋಗಿ ಸೈಕಲ್ ಹಿಂದಕ್ಕೆ ಒದೆಯುತ್ತದೆ. ಎರಡು ಗೇರು ಭಾರ ಮಾಡಿಕೊಂಡು, ಒಂದು ಕಾಲು ಇಳಿಯುವ ಲಯದಲ್ಲೇ ಏಳಬೇಕು.

ರೋಲರ್ ಎಲ್ಲವನ್ನೂ ಕಲಿಸುವುದಿಲ್ಲ. ತಿರುವಿನಲ್ಲಿ ವಾಲುವುದು, ಬ್ರೇಕ್ ಹಿಡಿಯುವುದು, ಗಾಳಿಗೆ ಎದುರಾಗುವುದು ರಸ್ತೆಯಲ್ಲೇ ಆಗಬೇಕು. ಸ್ಪ್ರಿಂಟ್‌ಗೆ ಬೇಕಾದ ಭಾರ ಸಾದಾ ರೋಲರಿನಲ್ಲಿ ಸಿಗದು. ಆ ಹಂತದ ಸವಾರರಿಗೆ ಟ್ರೇನರ್ ಕೊಡಿ, ನಮ್ಮ ಅಭ್ಯಂತರವಿಲ್ಲ. ರೋಲರಿನ ಮೇಲೆ ವಾರಕ್ಕೆ ಮೂರು ಸಲ, 20ರಿಂದ 30 ನಿಮಿಷ ಸಾಕು. ಅದಕ್ಕಿಂತ ಹೆಚ್ಚಾದರೆ ಗಮನ ತಪ್ಪುತ್ತದೆ.

ಕೋಣೆಯಲ್ಲಿ ಎದುರುಗಾಳಿ ಇಲ್ಲದ್ದರಿಂದ ಬೆವರು ಧಾರಾಳ. ಮುಂದೊಂದು ದೊಡ್ಡ ಫ್ಯಾನ್ ಬೇಕೇಬೇಕು. ಹ್ಯಾಂಡಲ್ ಮೇಲೆ ಟವೆಲ್ ಹಾಸದಿದ್ದರೆ ಬೆವರಿನ ಉಪ್ಪು ಹ್ಯಾಂಡಲ್ ಬೋಲ್ಟ್ ಮತ್ತು ಬೇರಿಂಗ್‌ಗಳನ್ನು ತುಕ್ಕು ಹಿಡಿಸುತ್ತದೆ. ಉರುಳೆಯ ಮೇಲೆ ತೊಟ್ಟಿಕ್ಕಿದರೆ ಟೈರು ಜಾರುತ್ತದೆ.

ಕ್ರೀಡಾ ಇಲಾಖೆಯವರು ಮುಂದಿನ ಖರೀದಿ ಪಟ್ಟಿ ಮಾಡುವಾಗ ಪ್ರತಿ ಐದು ಸವಾರರಿಗೆ ಒಂದು ರೋಲರ್ ಸೇರಿಸಬೇಕೆಂದು ಕೋರುತ್ತೇವೆ. ಜೊತೆಗೆ ಬೆಲ್ಟ್ ಇರುವ ಬದಿಗೆ ತಗಡಿನ ಮರೆ ಮಾಡಿಸುವುದನ್ನು ಟೆಂಡರಿನಲ್ಲೇ ಬರೆಸಬೇಕು. ನೋಡಲು ಬರುವ ಚಿಕ್ಕ ಮಕ್ಕಳ ಬೆರಳು ಮೊದಲು ಹೋಗುವುದು ಅಲ್ಲಿಗೇ.

– ಸೈಕ್ಲಿಂಗ್ ತರಬೇತಿಯಲ್ಲಿ ತೊಡಗಿರುವ ಓದುಗರು, ವಿಜಯಪುರ