ಆ ಒಣ ಊರು ನಮ್ಮವ್ವಗ ಗುರ್ತು ಹತ್ತಿತು

ಸಂಪಾದಕರಿಗೆ ನಮಸ್ಕಾರ್ರಿ,

ಹೋದ ವಾರ ನಿಮ್ಮ ಓದುಗರ ಪತ್ರದಾಗ ಯಾರೋ ಒಬ್ರು ಬರ್ದಿದ್ರು, ಈ ಬ್ಯಾರೆ ಗ್ರಹದ ಸೀರಿಯಲ್ಲು, ಆಕಾಶದಾಗ ಓಡಾಡೂ ಹಡಗು ಎಲ್ಲಾ ಸಣ್ಣ ಹುಡುಗ್ರ ಆಟ, ನಮ್ಮ ಮಣ್ಣಿಗೂ ಅದಕ್ಕೂ ಏನ್ ಸಂಬಂಧ ಅಂತ. ಓದಿ ನಕ್ಕು ಪೇಪರ್ ಮಡಚಿ ಇಟ್ಟಿದ್ನಿ. ಆದ್ರ ಅದಾಗಿ ಎರಡ ದಿನಕ್ಕ ನಮ್ಮ ಮನ್ಯಾಗ ಒಂದ ಸಂಗತಿ ನಡೀತು, ಅದನ್ನ ಬರೀದಿದ್ರ ನನಗ ನಿದ್ದಿ ಹತ್ತಂಗಿಲ್ಲ. ಉದ್ದ ಆತು ಅನಿಸಿದ್ರ ಕತ್ತರಿ ಹಾಕ್ರಿ, ನಮ್ಮವ್ವ ಅಂದ ಮಾತಿಗೆ ಮಾತ್ರ ಹಾಕಬ್ಯಾಡ್ರಿ.

ನನಗ ಸ್ಟಾರ್ ಟ್ರೆಕ್ ಅನ್ನೂ ಅಮೆರಿಕಾದ ಆಕಾಶ ಹಡಗಿನ ಸೀರಿಯಲ್ಲಿನ ಹುಚ್ಚು. ನಮ್ಮ ಓಣಿಗೆ ಕೇಬಲ್ ಬಂದ ಕಾಲದಿಂದ ಐತಿ, ಅವಾಗ ಇಂಗ್ಲಿಷ್ ಅರ್ಧಾ ತಿಳೀತಿತ್ತು ಅರ್ಧಾ ಮಾರಿ ನೋಡಿ ಊಹೆ ಮಾಡ್ತಿದ್ನಿ, ಅದ್ರಾಗ ‘ನೆಕ್ಸ್ಟ್ ಜನರೇಶನ್’ ಅನ್ನೂ ಸರಣಿಯ ಬೋಳು ತಲಿ ಕ್ಯಾಪ್ಟನ್ ಪಿಕಾರ್ಡ್ ಅಂದ್ರ ನನಗ ನಮ್ಮ ಕನ್ನಡ ಸಾಲಿ ಹೆಡ್ ಮಾಸ್ತರು ನೆನಪಾಗ್ತಿದ್ರು, ಅದs ಗತ್ತು, ಅದs ಒಂಟಿತನ. ಎಲ್ಲಾ ನೋಡಿದ್ನಿ, ಒಂದ ಎಪಿಸೋಡ್ ಮಾತ್ರ ತಪ್ಪಿತ್ತು. ತಪ್ಪಿದ್ದೂ ಎಂಥಾದ್ದು ಅಂತೀರಿ, ‘ದಿ ಇನ್ನರ್ ಲೈಟ್’ ಅಂತ, 5ನೇ ಸೀಸನ್‌ದ್ದು, ಅಮೆರಿಕಾದಾಗ 1992ರ ಜೂನ್‌ದಾಗ ಬಂದದ್ದು. ಮರುವರ್ಷ ಅದಕ್ಕ ವಿಜ್ಞಾನದ ಕಟ್ಟುಕತಿಗೆ ಕೊಡೂ ಹ್ಯೂಗೋ ಪ್ರಶಸ್ತಿ ಬಂತು, 1968ರ ನಂತರ ಟಿವಿ ಎಪಿಸೋಡ್ ಒಂದಕ್ಕ ಆ ಪ್ರಶಸ್ತಿ ಸಿಕ್ಕದ್ದು ಅದs ಮೊದಲು. ಇಷ್ಟು ವರ್ಷ ಬರೇ ಹೆಸರು ಕೇಳಿ ಕುಂತಿದ್ನಿ. ಮೊನ್ನೆ ರವಿವಾರ ರಾತ್ರಿ ನಮ್ಮ ಮಗಳು ಲ್ಯಾಪ್‌ಟಾಪ್ ಟಿವಿಗೆ ಜೋಡಿಸಿ ಹಚ್ಚಿದ್ಲು. ನಮ್ಮವ್ವನೂ ಅಲ್ಲೇ ಸೊಪ್ಪು ಸೋಸ್ಕೋತ ಕುಂತಿದ್ಲು. ಅವ್ವ ರೋಣ ತಾಲೂಕಿನಾಕಿ, ಇಂಗ್ಲಿಷ್ ಒಂದಕ್ಷರ ಬರಂಗಿಲ್ಲ.

ಕತಿ ಇಷ್ಟs ರೀ. ಹಡಗಿನ ಮುಂದ ಒಂದು ಸಣ್ಣ ಯಂತ್ರ ಬರ್ತೈತಿ, ಅದ್ರಿಂದ ಒಂದು ಕಿರಣ ಬಂದು ಪಿಕಾರ್ಡ್‌ಗ ಬಡಿತೈತಿ, ಅಂವ ಎಚ್ಚರ ತಪ್ಪಿ ಬೀಳ್ತಾನ. ಕಣ್ಣು ತಗದ್ರ ಕಟಾನ್ ಅನ್ನೂ ಗ್ರಹದಾಗ ರೆಸಿಕ್ ಅಂತ ಒಂದು ಹಳ್ಳಿ, ಅಲ್ಲಿ ಎಲ್ಲಾರೂ ಇವನ್ನ ಕಾಮಿನ್ ಅಂತ ಕರೀತಾರ, ಎಲೀನ್ ಅಂತ ಹೇಂತಿ ಬ್ಯಾರೆ ಅದಾಳ. ನಾ ಈ ಊರಾಂವ ಅಲ್ಲ, ನಂದೊಂದು ಹಡಗೈತಿ ಅಂತ ವರ್ಷಗಟ್ಲೆ ಹಟಾ ಹಿಡಿತಾನ, ಆಮ್ಯಾಲ ಮೆತ್ತಗಾಗ್ತಾನ, ಎರಡು ಮಕ್ಕಳಾಗ್ತಾವ, ಕೊಳಲು ಊದೂದು ಕಲೀತಾನ, ಮುದುಕ ಆಗಿ ಮೊಮ್ಮಗನ್ನ ಆಡಿಸ್ತಾನ. ಒಳಗ ಪೂರಾ ಒಂದು ಜನ್ಮ. ಹೊರಗ ಹಡಗಿನ್ಯಾಗ ನೋಡಿದ್ರ 25 ನಿಮಿಷ.

ಇದನ್ನ ಅವ್ವಗ ಹೇಳಿದ್ನಿ. ಅಕಿ ಸೊಪ್ಪಿನ ಪುಟ್ಟಿ ಬಾಜೂಕ ಇಟ್ಟು, “ಇದು ನಾರದನ ಕತಿ ಅಲ್ಲೇನೋ ತಮ್ಮಾ” ಅಂದ್ಲು. ಮಠದಾಗ ಪುರಾಣ ಹೇಳ್ತಾರಲ್ರಿ, ಮಾಯಾ ಅಂದ್ರೇನು ಅಂತ ನಾರದ ಕೇಳ್ತಾನ, ವಿಷ್ಣು ಒಂದು ತಂಬಿಗಿ ನೀರು ತಾ ಅಂತ ಕಳಸ್ತಾನ, ಅಲ್ಲಿ ಹುಡುಗಿ ಸಿಕ್ಕು ಲಗ್ನಾಗಿ ಮಕ್ಕಳಾಗಿ ಕಡೀಕ ಹೊಳಿ ಬಂದು ಎಲ್ಲಾ ಕೊಚ್ಚಿಕೊಂಡು ಹೋಗ್ತೈತಿ, ಅಳಕೋತ ನಿಂತಾಗ ಹಿಂದಿಂದ ವಿಷ್ಣು ನೀರು ಎಲ್ಲೋ ಅಂತಾನ. ನನಗ ಹೊಳದಿರಲಿಲ್ಲ ನೋಡ್ರಿ. ಮುಂದ ಅವ್ವ ಅಂದದ್ದು ಕೇಳ್ರಿ: “ನಾರದನ ಸಂಸಾರ ನೀರು ಹೆಚ್ಚಾಗಿ ಹೋತು, ಈ ಪಾಪದಾಂವಂದು ನೀರಿಲ್ದ ಹೊಂಟೈತಿ.”

ಯಾಕಂದ್ರ ಆ ರೆಸಿಕ್ ಊರಿಗೆ ಬರಾ ಬಿದ್ದೈತ್ರಿ. ವರ್ಷಾ ವರ್ಷಾ ಬಿಸಲು ಜಾಸ್ತಿ, ಮಳಿ ಇಲ್ಲ. ಅಂಥಾದ್ರಾಗ ಊರಿನ ನಡುಕ ಎಲ್ಲಾರೂ ಕೂಡಿ ಒಂದು ಗಿಡದ ಸಸಿ ಹಚ್ಚಿರ್ತಾರ, ಕುಡ್ಯಾಕ ನೀರಿಗೆ ತ್ರಾಸ ಇದ್ರೂ ಅದಕ್ಕೊಂದು ಪಾಲು. ಅದನ್ನ ನೋಡಿ ಅವ್ವ ಒಮ್ಮೆಲೇ ಸುಮ್ನ ಆದ್ಲು, ಆಮ್ಯಾಲ ತಾನಾಗೇ ಹೇಳಾಕ ಚಾಲೂ ಮಾಡಿದ್ಲು. 1972ರ ಬರಾ, ಅಕಿ ಆಗ ಮದಿವ್ಯಾಗಿ ಹೊಸದಾಗಿ ಬಂದಾಕಿ, ಬರಗಾಲದ ಕಾಮಗಾರಿಗೆ ಹೋಗಿ ಕಲ್ಲು ಒಡದು ಬಂದು, ಸಂಜಿಮುಂದ ಕೈಕಾಲು ಮಾರಿ ತೊಳಿಯೂ ನೀರು ಬುಟ್ಯಾಗ ಹಿಡದು ಗುಡಿ ಮುಂದಿನ ಬೇವಿನ ಸಸಿಗೆ ಹಾಕ್ತಿದ್ರಂತ. ಹುಡುಗ್ರು ಮಳಿ ಬರ್ಲಿ ಅಂತ ಹಂಚಿನ ಮ್ಯಾಲ ಗುರ್ಜಿ ಮಾಡಿ ತಲಿಮ್ಯಾಲ ಹೊತ್ತು ಮನಿಮನಿಗೆ ಬಂದ್ರ ಗುರ್ಜಿ ಮ್ಯಾಲ ಸುರ್ಯಾಕ ಒಂದು ಚರಗಿ ನೀರು ಇರ್ತಿರಲಿಲ್ಲಂತ, ನಾಚಿಕಿ ಆಗಿ ಬಾಗಲಾ ಮುಂದ ಮಾಡ್ತಿದ್ರಂತ. ಈ ನಾಚಿಕಿ ಸುದ್ದಿ ಅಕಿ ನನಗ ಎಂದೂ ಹೇಳಿರಲಿಲ್ರಿ, ನನಗ ಐವತ್ತು ದಾಟೈತಿ. ಆ ಬೇವಿನ ಗಿಡ ಬದುಕ್ತೇನಬೇ ಅಂದ್ರ, ಬದುಕಿತ್ತು, ಆಮ್ಯಾಲ ರಸ್ತೆ ಅಗಲ ಮಾಡುಮುಂದ ಕಡದ್ರು ಅಂದ್ಲು.

ಅಷ್ಟರಾಗ ಆ ಊರಿಗೆ ಒಬ್ಬ ಸಾಹೇಬ ಬರ್ತಾನ. ಕಾಮಿನ್ ಅವನ ಮುಂದ ನಿಂತು, ಗಾಳ್ಯಾಗಿನ ತೇವ ಹಿಡದು ನೀರು ಮಾಡೂ ಯಂತ್ರ ಕಟ್ಟೂಣು ಅಂತಾನ. ಸಾಹೇಬ ಬರೇ ಸಮಾಧಾನದ ಮಾತು ಹೇಳಿ ಹೋಗ್ತಾನ. “ಇಂವ ಬರಾ ನೋಡಾಕ ಬಂದಾವೇನು?” ಅಂದ್ಲು ಅವ್ವ. ನಾವು ಬಿದ್ದು ಬಿದ್ದು ನಕ್ಕ್ವಿ. 2023ರಾಗ ನಮ್ಮ ರಾಜ್ಯದ 236 ತಾಲೂಕಿನ್ಯಾಗ 223 ಬರಪೀಡಿತ ಅಂತ ಘೋಷಣೆ ಆದಾಗ ಹಿಂಗs ಕಾರು ಬಂದಿದ್ವಲ್ರಿ, ಒಣಗಿದ ಜ್ವಾಳದ ದಂಟು ಕೈಯಾಗ ಹಿಡದು ಫೋಟೋ ತಗಸ್ಕೊಂಡು ಹೋದ್ರು. ಎಪಿಸೋಡಿನ್ಯಾಗ ಮುಂದ ತಿಳೀತೈತಿ, ಸೂರ್ಯನs ಸಾಯಾಕತ್ತಾನ, ಊರು ಉಳಿಯಂಗಿಲ್ಲ ಅನ್ನೂದು ಆ ಸಾಹೇಬ್ರಿಗೆಲ್ಲಾ ಮೊದಲs ಗೊತ್ತಿತ್ತು, ಮಂದಿ ಗಾಬರಿ ಆಗ್ತಾರಂತ ಹೇಳಿರಲಿಲ್ಲ. ಕಾಮಿನ್‌ನ ಮಗಳು ಮೆರಿಬೋರ್ ಮಣ್ಣು ಪರೀಕ್ಷೆ ಮಾಡಿ ತಾನs ಕಂಡು ಹಿಡೀತಾಳ, ಅಪ್ಪಗ ಹೇಳೂದು ಹ್ಯಾಂಗ ಅಂತ ಒದ್ದಾಡ್ತಾಳ, ಅಪ್ಪಗೂ ಗೊತ್ತು, ಇಬ್ರೂ ಒಬ್ಬರ ಮಾರಿ ಒಬ್ರು ನೋಡೂ ಆ ಸೀನ್ ಐತಲ್ರಿ, ನಾ ಏನೂ ಬರಿಯಂಗಿಲ್ಲ ಬಿಡ್ರಿ, ನೋಡ್ರಿ ಅಷ್ಟs.

ಎಲೀನ್ ಸಾಯೂ ಸೀನಿಗೆ ಸರಿಯಾಗಿ ಕರೆಂಟ್ ಹೋತು. ಕತ್ತಲದಾಗ ಅವ್ವ “ಸತ್ಲೇನೋ?” ಅಂತ ಕೇಳಿದ್ಲು, ಯಾರೂ ಉತ್ತರ ಕೊಡಲಿಲ್ಲ. ಆ ಎಲೀನ್ ಸಂಸಾರ ತುಂಬ ಗಂಡಗ ಒಂದs ಮಾತು ಬೈತಿರ್ತಾಳ್ರಿ, ಬೂಟು ಅಲ್ಲಿ ಬಿಡಬ್ಯಾಡ, ತಗದಿಡು ಅಂತ. ಕಡೀ ಉಸಿರಿನ್ಯಾಗೂ ಅದs ಮಾತು. ಕರೆಂಟ್ ಬಂದ ಮ್ಯಾಲ ನೋಡಿದ್ರ ನಮ್ಮಾಕಿ ಕಣ್ಣು ಒರಸ್ಕೋತ ಎದ್ದು ಹೋಗಿ ಪಡಸಾಲ್ಯಾಗ ಅಡ್ಡಾದಿಡ್ಡಿ ಬಿದ್ದಿದ್ದ ನನ್ನ ಚಪ್ಪಲಿ ಬಾಗಲಾ ಹೊರಗ ಇಟ್ಟು ಬಂದ್ಲು. ಅದಕ್ಕ ನಾನೂ ಏನೂ ಅನ್ನಲಿಲ್ಲ, ಅಕಿನೂ ಏನೂ ಅನ್ನಲಿಲ್ಲ.

ತಪ್ಪಿಲ್ಲ ಅಂತಲ್ರಿ. ನಮ್ಮ ಮಗಳು ಬಿಎಸ್ಸಿ ಫಿಸಿಕ್ಸ್, ಸುಮ್ನ ಕುಂದರಂಗಿಲ್ಲ. ಸೂರ್ಯ ಅಂಥಾ ನಕ್ಷತ್ರ ಒಬ್ಬ ಮನಶಾನ ಆಯುಷ್ಯದಾಗ ಹಂಗ ಕಾಯಂಗಿಲ್ಲ, ನಮ್ಮ ಸೂರ್ಯ ಉಬ್ಬಿ ಕೆಂಪಾಗಾಕs ಇನ್ನೂ ಸುಮಾರು 500 ಕೋಟಿ ವರ್ಷ ಬೇಕು ಅಂತ ಅಕಿ ವಾದ. ಖರೆ. ಮತ್ತ ಅರವತ್ತು ಮನಿ ಇದ್ದಂಗ ಕಾಣೂ ಊರಿನ ಮಂದಿ, ಒಬ್ಬನ ತಲ್ಯಾಗ ಪೂರಾ ಜನ್ಮ ತುಂಬೂ ಯಂತ್ರ ಮಾಡ್ತಾರ, ಆದ್ರ ನಾಕ ಮಂದಿನ್ನ ಕುಂದರ್ಸಿ ಕಳಸೂ ರಾಕೆಟ್ ಮಾಡಾಕ ಬರಂಗಿಲ್ಲ ಅಂದ್ರ ಹ್ಯಾಂಗ? ನನ್ನ ಕಡೆ ಉತ್ತರ ಇಲ್ಲ. ಅದು ಕತಿಯಾಗಿನ ತೂತು, ಮುಚ್ಚಾಕ ಹೋಗಂಗಿಲ್ಲ. ಆದ್ರ ಕಡೀಕ ಊರ ಮಂದಿಯೆಲ್ಲಾ ಆ ಯಂತ್ರ ಹೊತ್ತು ಹೋಗೂ ರಾಕೆಟ್ ನೋಡಾಕ ಹೋಗುಮುಂದ ಸತ್ತ ಗೆಳೆಯ, ಸತ್ತ ಹೇಂತಿ ಹರೇದ ವಯಸ್ಸಿನ್ಯಾಗ ಬಂದು ನಿಲ್ತಾರಲ್ಲ, ನಾವೆಲ್ಲಾ ಹೋಗಿ ಸಾವಿರ ವರ್ಷ ಆತು, ನೀ ನೆನಸ್ಕೊಂಡ್ರ ನಾವು ಇದ್ದಂಗ ಅಂತ ಹೇಳ್ತಾರಲ್ಲ, ಆಗ ಫಿಸಿಕ್ಸಿನಾಕಿನೂ ಮೂಗು ಸೂರಾಕತ್ತಿದ್ಲು.

ಧಾರವಾಡದಾಂವ ಅಂದ ಮ್ಯಾಲ ಸಂಗೀತದ ಸುದ್ದಿ ಬಿಡಾಕಾಗಂಗಿಲ್ಲ. ಈ ಎಪಿಸೋಡಿನ ಹೆಸರು ಬಂದದ್ದು ಇಂಗ್ಲೆಂಡಿನ ಬೀಟಲ್ಸ್ ಬ್ಯಾಂಡಿನ ಜಾರ್ಜ್ ಹ್ಯಾರಿಸನ್ ಬರದ ಒಂದು ಹಾಡಿನಿಂದ. ಆ ಹಾಡಿನ ವಾದ್ಯ ರೆಕಾರ್ಡ್ ಆದದ್ದು 1968ರ ಜನವರಿಯೊಳಗ, ಮುಂಬೈದಾಗ, ಅದಕ್ಕ ಕೊಳಲು ಊದಿದಾವ್ರು ಹರಿಪ್ರಸಾದ್ ಚೌರಾಸಿಯಾ! ಅಂದ್ರ ಸುತ್ತು ಹೊಡದು ಬಂದ್ರ ಆ ಹೆಸರಿನ ಬೆನ್ನಿಗೆ ನಮ್ಮ ಬಾನ್ಸುರಿ ಐತಿ. ಪಿಕಾರ್ಡ್ ಹಿಡಿದಿದ್ದ ಕೊಳಲು 2006ರಾಗ ಲಿಲಾವಿನ್ಯಾಗ 48,000 ಡಾಲರಿಗೆ ಹೋತು, ಊದಿದ್ರ ಸ್ವರ ಬರಲಾರದ ಕೊಳಲು ಅದು, ಬರೇ ಶೂಟಿಂಗಿಗೆ ಮಾಡಿದ್ದು. ಇನ್ನೊಂದು, ಕಾಮಿನ್‌ನ ಮಗನ ಪಾರ್ಟ್ ಮಾಡಿದಾಂವ, ಪಿಕಾರ್ಡ್ ಪಾರ್ಟ್ ಮಾಡಿದ ಪ್ಯಾಟ್ರಿಕ್ ಸ್ಟೀವರ್ಟ್‌ರ ಖರೇ ಮಗಾನ.

ಈಗ ನನ್ನ ತಕರಾರಿಗೆ ಬರ್ತೇನಿ. ಅವತ್ತು ರಾತ್ರಿ ನಾ ಪೂರಾ ಎಪಿಸೋಡ್ ಬಾಯಿಲೆ ಕನ್ನಡಕ್ಕ ಹೇಳ್ಕೋತ ಕುಂತೆ, ನನ್ನ ಗಂಟಲು ಕಟ್ಟಿತು, ಅರ್ಧಾ ಡೈಲಾಗ್ ಕೇಳಿಸಲಿಲ್ಲ. 2020ರ ಲಾಕ್‌ಡೌನ್‌ದಾಗ ಹಿಂದಿ ಮಹಾಭಾರತ ಕನ್ನಡಕ್ಕ ಡಬ್ ಆಗಿ ಬಂದಾಗ ಮನಿ ಮಂದಿಯೆಲ್ಲಾ ಕುಂತು ನೋಡಿದ್ವಿ, ಆಕಾಶ ಏನ್ ಬಿದ್ದಿಲ್ಲ, ಕನ್ನಡನೂ ಸತ್ತಿಲ್ಲ. ಇಂಥಾದ್ದೂ ತರ್ರಿ. ಡಬ್ಬಿಂಗ್ ಬ್ಯಾಡಂದ್ರ ಕೆಳಗ ಕನ್ನಡ ಅಕ್ಷರನರ ಹಾಕ್ರಿ, ಆದ್ರ ನಮ್ಮವ್ವನಂಗ ಓದಾಕ ಬರಲಾರದಾವ್ರಿಗೆ ದನೀನs ಬೇಕು. ಡಬ್ ಮಾಡಾವ್ರಿಗೆ ನಂದೊಂದು ವಿನಂತಿ, ಹಡಗಿನಾವ್ರು ಬೇಕಾದ್ರ ಬೆಂಗಳೂರು ಕನ್ನಡ ಮಾತಾಡ್ಲಿ, ಆ ರೆಸಿಕ್ ಊರಿನಾವ್ರು ಮಾತ್ರ ರೋಣದ ಕನ್ನಡ ಮಾತಾಡಬೇಕು. ಬರಾ ಬಿದ್ದ ಊರಾಗ ಹೇಂತಿ ಗಂಡಗ “ಕಾಲ್ಮರಿ ತಗದಿಡು” ಅಂದ್ರ ಹ್ಯಾಂಗ ಕೇಳಸ್ತೈತಿ, ನೀವs ಹೇಳ್ರಿ.

ಮಣ್ಣಿಗೆ ಸಂಬಂಧ ಇಲ್ಲ ಅಂತ ಬರದ ಆ ಓದುಗರಿಗೆ ನನ್ನ ಸಿಟ್ಟೇನಿಲ್ಲ, ಒಮ್ಮೆ ನಮ್ಮ ಮನಿಗೆ ಬರ್ರಿ, ಚಾ ಕೊಡ್ತೇನಿ, ಅವ್ವನ ಬಾಜೂಕ ಕುಂತು ನೋಡ್ರಿ. ಮರುದಿನ ಮುಂಜಾನೆ ಅಕಿ ರೊಟ್ಟಿ ಬಡಕೋತ, “ಆ ಕೊಳಲಿನಾಂವ ಮುಂದೇನಾದ, ಊದೂದು ಬಿಟ್ಟನೇನು?” ಅಂತ ಕೇಳಿದ್ಲು. ಬಿಟ್ಟಿಲ್ಲಬೇ, ಮುಂದಿನ ಸೀಸನ್‌ದಾಗ ‘ಲೆಸನ್ಸ್’ ಅಂತ ಒಂದೈತಿ, ಅದ್ರಾಗ ಪಿಯಾನೋ ಬಾರಸೂ ಒಬ್ಬಾಕಿ ಜೋಡಿ ಕೂಡಿ ಊದ್ತಾನ ಅಂದ್ನಿ. “ಹೇಂತಿ ಸತ್ತು ಇನ್ನೂ ವರ್ಷ ಆಗಿಲ್ಲ” ಅಂದ್ಲು ಅವ್ವ, ರೊಟ್ಟಿ ಹೊಳ್ಳಿಸಿ ಹಾಕಿದ್ಲು. ಬರೂ ಶನಿವಾರ ಹಚ್ತೇವಿ, ಕರೆಂಟ್ ಇದ್ರ.

ನಿಮ್ಮ ಹಳೇ ಓದುಗ
ಸಾಧನಕೇರಿ, ಧಾರವಾಡ