ಮನೆಯಲ್ಲಿ ಉಳಿದವರಿಗೆ

ನಮ್ಮ ಕುಟುಂಬದ ಹಾಲಿಡೇ ಮೆಂಬರ್‌ಶಿಪ್ 2025ಕ್ಕೆ ಮುಗಿಯಿತು. 2000ದಲ್ಲಿ ತೆಗೆದುಕೊಂಡದ್ದು, 25 ವರ್ಷದ ಅವಧಿ. ದೊಡ್ಡಪ್ಪ, ಅಪ್ಪ, ಚಿಕ್ಕಪ್ಪ ಮೂವರೂ ಪಾಲು ಹಾಕಿ ಕಂತಿನಲ್ಲಿ ಕಟ್ಟಿದ್ದರು. ಕಾಸರಗೋಡಿನ ಮುಳ್ಳೇರಿಯ ಕಡೆಯ ಅಡಿಕೆ ಕೃಷಿಕರು ರಜೆಗೆಂದು ದುಡ್ಡು ಕಟ್ಟುವುದು ಆಗ ಊರಿಗೇ ಹೊಸ ಸುದ್ದಿ. ಅವಧಿ ಮುಗಿದ ಈ ಹೊತ್ತಿನಲ್ಲಿ ಕೆಲವರಿಗೆ ಎಲ್ಲರೆದುರೇ ಥ್ಯಾಂಕ್ಸ್ ಹೇಳಬೇಕು ಅನಿಸಿತು.

ಗೊತ್ತಿಲ್ಲದವರಿಗೆ ಸ್ವಲ್ಪ ಹೇಳುತ್ತೇನೆ. ಇದರಲ್ಲಿ ಜಾಗವಾಗಲಿ ಕಟ್ಟಡವಾಗಲಿ ನಮ್ಮ ಹೆಸರಿಗೆ ಆಗುವುದಿಲ್ಲ. ವರ್ಷಕ್ಕೆ ಏಳು ದಿನ ಕಂಪನಿಯ ರೆಸಾರ್ಟ್‌ಗಳಲ್ಲಿ ಉಳಿಯುವ ಹಕ್ಕು, ಅಷ್ಟೇ. ಹೋದರೂ ಬಿಟ್ಟರೂ ವರ್ಷದ ನಿರ್ವಹಣಾ ಶುಲ್ಕ ಬೇರೆ ಕಟ್ಟಬೇಕು. ಮೇ ತಿಂಗಳು, ಕ್ರಿಸ್ಮಸ್ ಬೇಕೆಂದರೆ ದರ ಜಾಸ್ತಿ. ನಾವು ತೆಗೆದುಕೊಂಡದ್ದು ಕಡಿಮೆ ದರದ ಸೀಸನ್. ನಮಗೆ ಅದೇ ಸರಿಯಾಯಿತು. ಕಾಸರಗೋಡಿನ ಕನ್ನಡ ಶಾಲೆಗಳಿಗೂ ಕೇರಳದ್ದೇ ರಜೆ ಅಲ್ವಾ, ಓಣಂಗೆ ಹತ್ತು ದಿನ ಸಿಗುತ್ತದೆ. ಅಷ್ಟರಲ್ಲಿ ಅಡಿಕೆಗೆ ಎರಡನೇ ಸಲ ಮದ್ದು ಬಿಟ್ಟು ಆಗಿರುತ್ತದೆ. ಕೊಯ್ಲು ಇನ್ನೂ ಶುರುವಾಗಿರುವುದಿಲ್ಲ.

ಆದರೆ ಹಟ್ಟಿಯಲ್ಲಿ ದನ ಇರುವ ಮನೆಯಿಂದ ಎಲ್ಲರೂ ಒಟ್ಟಿಗೆ ಹೊರಡಲು ಆಗುವುದಿಲ್ಲ. ಹಾಗಾಗಿ ಪಾಳಿ. ಮಕ್ಕಳು ನಾವೆಲ್ಲ ಪ್ರತಿ ವರ್ಷವೂ ಹೋಗುತ್ತಿದ್ದೆವು. ದೊಡ್ಡವರಲ್ಲಿ ಒಂದು ಜೋಡಿ ಮನೆಯಲ್ಲಿ ಉಳಿಯುತ್ತಿತ್ತು. ಚಿಕ್ಕಮ್ಮ ತಮ್ಮ ಪಾಳಿ ಅಲ್ಲದಾಗಲೂ ಎಷ್ಟೋ ಸಲ ಉಳಿದಿದ್ದಾರೆ. ಕರು ಹಾಕುವ ದನವನ್ನು ಬಿಟ್ಟು ಬರಲು ಅವರಿಗೆ ಮನಸ್ಸಾಗುತ್ತಿರಲಿಲ್ಲ. ಮಡಿಕೇರಿಗೆಂದು ಆದೂರು, ಜಾಲ್ಸೂರು, ಸುಳ್ಯ ದಾಟಿ ಸಂಪಾಜೆ ಘಾಟಿ ಹತ್ತುವಾಗ ನಾವು ಮಕ್ಕಳು ಹಾಡುತ್ತಿದ್ದ ಹೊತ್ತಿಗೆ ಅವರು ಹಟ್ಟಿ ತೊಳೆಯುತ್ತಿದ್ದರು. ಚಿಕ್ಕಮ್ಮಾ, ಇದನ್ನು ನಿಮಗೆ ಯಾವಾಗಲೋ ಹೇಳಬೇಕಿತ್ತು. ನಮ್ಮ ಬಾಲ್ಯದ ಒಳ್ಳೆಯ ನೆನಪುಗಳಲ್ಲಿ ಅರ್ಧ ನೀವು ಕೊಟ್ಟದ್ದು.

ನೆರೆಮನೆಯ ಉಮ್ಮನಿಗೂ ಋಣಿ. ರಾತ್ರಿ ಮನೆಯಲ್ಲಿ ಜನ ಕಡಿಮೆಯಾಗಬಾರದೆಂದು ಮಗಳನ್ನು ಕಳಿಸುತ್ತಿದ್ದರು. ಜೋರು ಗಾಳಿಗೆ ಕಂಗು, ಅಂದರೆ ಅಡಿಕೆ ಮರ, ಮುರಿದು ಕರೆಂಟ್ ತಂತಿಯ ಮೇಲೆ ಬಿದ್ದಾಗ ಓಡಿ ಬಂದದ್ದು ಅವರ ಮನೆಯ ಗಂಡುಮಕ್ಕಳು. ನಮಗೆ ವಿಷಯ ತಿಳಿದದ್ದು ವಾಪಸ್ ಬಂದ ಮೇಲೆ. ಫೋನ್ ಮಾಡಿದರೆ ಸುಮ್ನೆ ಗಾಬರಿಯಾಗುತ್ತಾರೆ ಎಂದು ಯಾರೂ ಹೇಳಿರಲಿಲ್ಲ.

ಅಜ್ಜಿ ಬಂದದ್ದು ಒಂದೇ ಸಲ. ದೇವರಿಗೆ ದೀಪ ಯಾರು ಇಡುವುದು ಎಂದು ಪ್ರತಿ ವರ್ಷ ತಪ್ಪಿಸಿಕೊಳ್ಳುತ್ತಿದ್ದರು. ಆ ಸಲ ದೊಡ್ಡಮ್ಮ ಆ ಕೆಲಸ ವಹಿಸಿಕೊಂಡು ಕಳಿಸಿದರು. ಮಡಿಕೇರಿಯಲ್ಲಿ ಅಜ್ಜಿ ರಾಜಾಸೀಟ್ ನೋಡಿದ್ದಕ್ಕಿಂತ ರೂಮಿನ ಪುಟ್ಟ ಅಡುಗೆಮನೆಯಲ್ಲಿ ಇದ್ದದ್ದೇ ಜಾಸ್ತಿ. ಊರಿನಿಂದ ತಂದ ಒಂದೆಲಗದ ತಂಬುಳಿ ಮಾಡಿ, ರೂಮು ಗುಡಿಸಲು ಬಂದ ಕೊಡವ ಹೆಂಗಸಿಗೂ ಬಡಿಸಿದರು. ಒಣಗಿಸಿದ ಪುನರ್ಪುಳಿಯನ್ನೂ (ಕೋಕಂ) ಕಟ್ಟಿ ಕೊಟ್ಟರು. ಆಕೆ ಮರುದಿನ ಒಂದು ಬಾಟಲಿ ಕಾಚಂಪುಳಿ, ಕೊಡಗಿನವರು ಅಡುಗೆಗೆ ಬಳಸುವ ಹುಳಿ ರಸ, ತಂದುಕೊಟ್ಟರು. ಅದರ ಕಪ್ಪು ಹುಳಿಯಲ್ಲಿ ಅಜ್ಜಿ ಸಾರು ಮಾಡಿದ್ದು ಇನ್ನೂ ಬಾಯಲ್ಲಿದೆ. ಆಮೇಲೆ ನಾವು ಅಲ್ಲಿಗೆ ಹೋದಾಗಲೆಲ್ಲ ಆಕೆಯ ಮೊದಲ ಮಾತು, ‘ಅಜ್ಜಿ ಹೇಗಿದ್ದಾರೆ?’ ಅಜ್ಜಿ ತೀರಿಕೊಂಡರು ಎಂದಾಗ ಬಕೆಟ್ ಕೆಳಗಿಟ್ಟು ಅಮ್ಮನ ಕೈ ಹಿಡಿದುಕೊಂಡರು. ಅಕ್ಕಾ, ನಿಮ್ಮ ಪ್ರೀತಿ ದೊಡ್ಡದು.

2018ರ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡಗಳು ಕುಸಿದು ಸಂಪಾಜೆ ರಸ್ತೆ ಮುಚ್ಚಿತು. ನಮ್ಮ ಬುಕಿಂಗ್ ಅದೇ ಓಣಂ ರಜೆಗಿತ್ತು. ರೆಸಾರ್ಟಿನ ಹುಡುಗನೊಬ್ಬ ತಾನಾಗಿಯೇ ಫೋನ್ ಮಾಡಿ, ‘ಹೊರಡಬೇಡಿ, ದಿನಗಳು ಮುಂದಿನ ವರ್ಷಕ್ಕೆ ಹೋಗುತ್ತವೆ’ ಎಂದು ಹೇಳಿದ. ಅವನ ಸ್ವಂತ ಊರಿನ ಸ್ಥಿತಿ ಆಗ ಹೇಗಿತ್ತೋ. ಅಂಥ ಹೊತ್ತಿನಲ್ಲೂ ನಮ್ಮನ್ನು ನೆನಪಿಟ್ಟುಕೊಂಡ ಅವನಿಗೆ ನಮಸ್ಕಾರ. 2020ರಲ್ಲಿ ಕೊರೊನಾದಿಂದಾಗಿ ಕೇರಳ-ಕರ್ನಾಟಕದ ನಡುವಿನ ತಲಪಾಡಿ ಗಡಿಯೇ ಮುಚ್ಚಿತು. ಮಂಗಳೂರಿನ ಆಸ್ಪತ್ರೆಗೂ ಹೋಗಲಾಗದ ಕಾಲ, ರಜೆಯ ಯೋಚನೆ ಯಾರಿಗೂ ಬರಲಿಲ್ಲ.

ಈಗ ಮೆಂಬರ್‌ಶಿಪ್ ಮುಂದುವರಿಸುತ್ತಿಲ್ಲ. ಮಕ್ಕಳೆಲ್ಲ ಬೇರೆ ಬೇರೆ ಊರು ಸೇರಿದ್ದೇವೆ. ಈ ಸಲದ ಓಣಂಗೆ ಎಲ್ಲರೂ ಮುಳ್ಳೇರಿಯಕ್ಕೆ ಬರುತ್ತೇವೆ, ಹಟ್ಟಿಯ ಕೆಲಸ ನಮ್ಮದು. ಹಳೆಯ ಫೋಟೋಗಳನ್ನೂ ಒಟ್ಟು ಮಾಡುತ್ತಿದ್ದೇವೆ. ಮಡಿಕೇರಿಯದ್ದು ಬೇಕಾದಷ್ಟಿದೆ. ಆ ವಾರಗಳಲ್ಲಿ ಮನೆಯಲ್ಲಿ ತೆಗೆದ ಫೋಟೋ ಯಾರ ಹತ್ತಿರವಾದರೂ ಇದ್ದರೆ ದಯವಿಟ್ಟು ಕೊಡಿ. ಚಿಕ್ಕಮ್ಮನದ್ದು ಒಂದೂ ಸಿಕ್ಕಿಲ್ಲ.